ಮೂರು ಹದಿಮೂರರ ಗಂಟೆ, ತಲೆಯ ಮೇಲಿನ ಬಕೆಟ್

ಸಂಕ್ರಾಂತಿಗೆ ಮುಂಚಿನ ಭಾನುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ಥಳ: ಸೋಲಾಪುರದ ನಮ್ಮ ಮನೆಯ ಮಾಳಿಗೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಹಿಂದಿನ ಸಂಜೆ ತವರೂರು ವಾಗದರಿಯಿಂದ ಬಂದಿದ್ದ ಅವಳ ತಮ್ಮ, ಮತ್ತು ಮಾಳಿಗೆಯ ಕಟ್ಟೆಯ ಮೇಲೆ ಸಾಲಾಗಿ ಕೂತ ಹನ್ನೊಂದು ಪಾರಿವಾಳ. ಪಾರಿವಾಳಗಳನ್ನು ಹಾಜರಿಗೆ ಸೇರಿಸಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿದೆ. ಆದರೆ ಅವು ನಮಗಿಂತ ಮೊದಲು ಬಂದಿದ್ದವು, ಕೊನೆಯವರೆಗೂ ಮಾತಾಡದೆ ಗಮನವಿಟ್ಟು ನೋಡಿದವು. ಇಂಥ ತರಗತಿ ನನಗೆ ಸೇವೆಯಲ್ಲಿದ್ದಾಗ ಒಂದೂ ಸಿಕ್ಕಿರಲಿಲ್ಲ.

ಕಾರ್ಯಕ್ರಮ: ಬಕೆಟ್ ತಿರುಗಿಸುವ ತಾಲೀಮು.

ನಾನು ಅಕ್ಕಲಕೋಟದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಸೋಲಾಪುರದಿಂದ ದಿನಾ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂಬತ್ತನೆಯ ತರಗತಿಗೆ ವರ್ತುಲ ಚಲನೆಯ ಪಾಠ ಬಂದಾಗ ಪ್ರತಿವರ್ಷ ತಗಡಿನ ಬಕೆಟ್ಟಿನಲ್ಲಿ ಅರ್ಧದಷ್ಟು ನೀರು ತುಂಬಿ, ತೋಳನ್ನು ನೇರ ಚಾಚಿ, ಕೆಳಗಿನಿಂದ ತಲೆಯ ಮೇಲಕ್ಕೆ, ತಲೆಯ ಮೇಲಿಂದ ಕೆಳಕ್ಕೆ ಗರಗರ ತಿರುಗಿಸುತ್ತಿದ್ದೆ. ಬಕೆಟ್ ಪೂರ್ತಿ ಬೋರಲಾದಾಗಲೂ ನೀರು ಒಳಗೇ ಇರುತ್ತಿತ್ತು. ಇಡೀ ಸೇವೆಯಲ್ಲಿ ಒಂದು ಹನಿ ಕೆಳಗೆ ಬಿದ್ದದ್ದಿಲ್ಲ. ನಿವೃತ್ತಿಯ ದಿನ ಶಾಲು, ತೆಂಗಿನಕಾಯಿಯ ಜೊತೆ ಆ ಬಕೆಟ್ಟನ್ನೂ ನನಗೇ ಕೊಟ್ಟು ಕಳಿಸಿದರು. ಅಂದಿನಿಂದ ಅದು ನಮ್ಮ ಪಡಸಾಲೆಯಲ್ಲಿ, ಗಡಿಯಾರದ ಪಕ್ಕದ ಮೊಳೆಗೆ ತೂಗುತ್ತಿತ್ತು. ಹೆಂಡತಿ ಅದನ್ನು ಬಟ್ಟೆ ನೆನೆಸಲು ಕೇಳುತ್ತಲೇ ಇದ್ದಳು. ನಾನು ಕೊಟ್ಟಿರಲಿಲ್ಲ.

ಪ್ರಯೋಗ ಮುಗಿದ ಮೇಲೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ನೀರನ್ನು ಮೇಲೆ ಒತ್ತಿ ಹಿಡಿದವರು ಯಾರು? ಮಕ್ಕಳೆಲ್ಲ ಒಂದೇ ದನಿಯಲ್ಲಿ, ಕೇಂದ್ರಾಪಗಾಮಿ ಬಲ ಸರ್, ಎನ್ನುತ್ತಿದ್ದರು. ಅಂಥವರು ಯಾರೂ ಇಲ್ಲ, ಕೂತುಕೊಳ್ಳಿ, ಎನ್ನುತ್ತಿದ್ದೆ. ನಿಜವಾದ ಬಲವಾದರೆ ಯಾರು ಯಾರನ್ನು ನೂಕಿದರು ಎಂದು ಎರಡು ಹೆಸರು ಹೇಳಲು ಬರಬೇಕು. ಬಕೆಟ್ಟಿನ ತಳ ನೀರನ್ನು ಒಳಕ್ಕೆ ನೂಕುತ್ತದೆ: ಎರಡು ಹೆಸರು, ನಿಜ. ಭೂಮಿ ನೀರನ್ನು ಕೆಳಕ್ಕೆ ಎಳೆಯುತ್ತದೆ: ಎರಡು ಹೆಸರು, ನಿಜ. ಹೊರಕ್ಕೆ ನೂಕುವವನ ಹೆಸರು ಕೇಳಿದರೆ ಇಡೀ ತರಗತಿ ಸೂರು ನೋಡುತ್ತದೆ. ಅದು ಹುಸಿ ಬಲ. ಬಕೆಟ್ಟಿನ ಒಳಗೇ ಕೂತು ತಿರುಗುವವನಿಗೆ ಇದ್ದಂತೆ ಅನ್ನಿಸುತ್ತದೆ, ಹೊರಗೆ ನಿಂತವನಿಗೆ ಅದು ಬೇಕೇ ಆಗುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟವಿತ್ತು. ಈಗಿನ ಮುಖ್ಯಾಧ್ಯಾಪಕಿ ನನ್ನ ವಿದ್ಯಾರ್ಥಿನಿ, ಮೊದಲ ಬೆಂಚಿನವಳು. ಫೋನ್ ಮಾಡಿ, ಸರ್, ಒಮ್ಮೆ ಬಕೆಟ್ ತಿರುಗಿಸಿ ತೋರಿಸಬೇಕು ಎಂದಳು. ಒಪ್ಪಿಕೊಂಡೆ. ಆಮೇಲೆ ಆಮಂತ್ರಣ ಬಂತು, ಒಂದು ಬದಿಗೆ ಮರಾಠಿ, ಇನ್ನೊಂದು ಬದಿಗೆ ಕನ್ನಡ. ಎರಡೂ ಬದಿಗೆ ನನ್ನ ಪ್ರಯೋಗದ ಮುಂದೆ ‘ಇಂದಿಗೂ ಒಂದು ಹನಿ ಬೀಳಿಸದ ಸರ್ ಅವರಿಂದ’ ಎಂದು ಅಚ್ಚು ಹಾಕಿಸಿದ್ದರು.

ಅದನ್ನು ಓದಿದಂದಿನಿಂದ ನನ್ನ ನಿದ್ದೆ ಕೆಟ್ಟಿತು. ನನ್ನ ಬಲಭುಜ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಬುಶ್‌ಶರ್ಟಿನ ತೋಳು ತೊಡುವಾಗಲೇ ಹೆಂಡತಿಯ ಸಹಾಯ ಬೇಕು. ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲ. ಒಂದು ಹನಿ ಬಿದ್ದರೂ ಅದು ಸಂಜೆಯೊಳಗೆ ದೂರದ ಹಳ್ಳಿ ಭಂಡಾರಕವಠೆಯ ಓಣಿ ಓಣಿಗೂ ಮುಟ್ಟುತ್ತದೆ. ಅಲ್ಲದೆ ಇಷ್ಟು ವರ್ಷದ ಮಕ್ಕಳು ಹುಸಿ ಬಲ ಹುಸಿ ಎಂದು ನಂಬಿದ್ದು ನನ್ನ ಮಾತಿನಿಂದಲ್ಲ, ಬೀಳದ ಆ ನೀರಿನಿಂದ. ನೀರು ಬಿದ್ದರೆ ಪಾಠವೇ ಬಿದ್ದ ಹಾಗೆ. ದಾಖಲೆ ಉಳಿಯಬೇಕು, ಇದೊಂದೇ ಯೋಚನೆ. ಅದಕ್ಕೇ ತಾಲೀಮು.

ತಾಲೀಮಿಗೆ ನೀರು ಸಿಗಲಿಲ್ಲ. ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಹಿಂದಿನ ದಿನವಷ್ಟೇ ಬಂದು ಹೋಗಿತ್ತು. ಹೆಂಡತಿ ಪೀಪಾಯಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು.

“ನಳಾ ಇನ್ನ ಬುಧವಾರ ಬರತಾವ. ನಿಮ್ಮ ಸಾಯನ್ಸಿಗೆ ಒಂದ್ ತಂಬಿಗಿ ನೀರ ಸೈತ ಕೊಡಂಗಿಲ್ಲ. ಬೇಕಾದ್ರ ಖಾಲಿ ಬಕೀಟ ತಿರಗಸ್ರಿ.”

ಖಾಲಿ ಬಕೆಟ್ಟಿನಿಂದ ಏನೂ ಬೀಳುವುದಿಲ್ಲ ಎನ್ನುವುದನ್ನು ಸಾಧಿಸಲು ತಾಲೀಮು ಬೇಕಾಗಿಲ್ಲ ಎಂದೆ. ಆಗ ಅವಳ ತಮ್ಮ ದಾರಿ ಹುಡುಕಿದ. ಅವನು ತಂದಿದ್ದ ಚೀಲದಲ್ಲಿ ಹೊಸ ಜೋಳವಿತ್ತು. ಅರ್ಧ ಬಕೆಟ್ ಜೋಳ ಸುರಿದ. ಪಾರಿವಾಳಗಳು ಒಂದು ಹೆಜ್ಜೆ ಮುಂದೆ ಬಂದವು.

ಒಟ್ಟು ಹನ್ನೆರಡು ಸುತ್ತು. ಭುಜ ಕಟಕಟ ಎಂದಿತು, ಆದರೆ ಒಂದು ಕಾಳೂ ಬೀಳಲಿಲ್ಲ. ಪಾರಿವಾಳಗಳಿಗೆ ಆದ ನಿರಾಶೆಯೇ ಸಾಕ್ಷಿ.

ಅವಳ ತಮ್ಮ ಒಕ್ಕಲುತನದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಎನ್ನುತ್ತಾರೆ, ಅವನೂ ಹಾಗೆಯೇ ಕರೆಯುತ್ತಾನೆ. ಹುಸಿ ಬಲದ ಬಗ್ಗೆ ನನ್ನ ಜೊತೆ ಅವನ ವಾದ ನನ್ನ ಮದುವೆಯಷ್ಟೇ ಹಳೆಯದು. ಪ್ರತಿ ಊಟದ ಪಂಕ್ತಿಯಲ್ಲೂ ಎರಡನೆಯ ಸಲ ಅನ್ನ ಬಡಿಸುವ ಹೊತ್ತಿಗೆ ಅದು ಶುರುವಾಗುತ್ತದೆ.

“ದಾಜಿ, ನಾ ಹೊಲದಾಗ ಮಂಚಿಗಿ ಮ್ಯಾಲ ನಿಂತು ಹಕ್ಕಿ ಹೊಡ್ಯಾಕ ಕವಣಿ ಬೀಸಾಂವ. ಕಲ್ಲ ನನ್ನ ಬೆರಳ ಹೊರಗ ಎಳೀತದ. ಅದನ್ನೂ ಸುಳ್ಳಂತೀರೇನು?”

ಬೆರಳನ್ನು ಎಳೆಯುವುದು ಕವಣೆಯ ಹಗ್ಗ, ಅದು ನಿಜ, ಅದಕ್ಕೆ ಹೆಸರಿದೆ ಎಂದೆ. ನೀನು ಹಗ್ಗದಿಂದ ಕಲ್ಲನ್ನು ಒಳಕ್ಕೆ ಎಳೆದದ್ದಕ್ಕೆ ಹಗ್ಗ ನಿನ್ನನ್ನು ಎಳೆಯಿತು. ಕಲ್ಲನ್ನು ಹೊರಕ್ಕೆ ನೂಕಿದವರು ಯಾರು, ಅವರ ಹೆಸರು ಹೇಳು. ಹಗ್ಗ ಬಿಟ್ಟ ಕೂಡಲೇ ಕಲ್ಲು ನಿನ್ನಿಂದ ನೇರ ಹೊರಕ್ಕೆ ಹೋಗುತ್ತದೋ, ಸುತ್ತುತ್ತಿದ್ದ ದಾರಿಯ ಪಕ್ಕಕ್ಕೆ ಹೋಗುತ್ತದೋ? ಪಕ್ಕಕ್ಕೆ ಹೋಗುತ್ತದೆ ಎಂದು ಹೆಂಡತಿ ಅವನ ಪರವಾಗಿ ಹೇಳಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಎದುರಿನ ಗಿಳಿಗೆ ಬೀಸಿದ ಕಲ್ಲು ಬಲಗಡೆ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ ಅವರಪ್ಪನ ಮಜ್ಜಿಗೆಯ ಗಡಿಗೆ ಒಡೆದಿತ್ತು. ಅವತ್ತು ಅಪ್ಪನ ಕೈ ಅವನ ಬೆನ್ನನ್ನು ನೂಕಿದ್ದು ನಿಜ ಬಲ, ಎರಡೂ ಹೆಸರು ಗೊತ್ತಿದೆ ಎಂದೂ ಸೇರಿಸಿದಳು.

ಆದರೂ ಅವನು ಸೋಲೊಪ್ಪಲಿಲ್ಲ. ಏನೋ ಇದೆ ದಾಜಿ, ನಿಮಗೆ ಕಾಣುವುದಿಲ್ಲ ಅಷ್ಟೇ, ಎಂದು ಜೋಳವನ್ನು ಚೀಲಕ್ಕೆ ತಿರುಗಿ ಸುರಿದ. ಮೂರು ಕಾಳು ಹೊರಗೆ ಬಿದ್ದವು. ಪಾರಿವಾಳಗಳ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಇಲ್ಲಿ ನನ್ನ ಒಂದು ಅಭ್ಯಾಸವನ್ನು ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಆಯಿತು. ಗಂಟೆ ಬಾರಿಸಿದರೆ ನಾನು ನಿಲ್ಲುತ್ತೇನೆ. ಗಂಟೆಯಾದ ಮೇಲೆ ಹಲಗೆಯ ಮೇಲೆ ಒಂದು ಅಕ್ಷರವನ್ನೂ ಬರೆದವನಲ್ಲ. ಅರ್ಧ ವೃತ್ತ ಎಳೆದಾಗ ಗಂಟೆಯಾದರೆ ಆ ದಿನ ಮಕ್ಕಳಿಗೆ ಅರ್ಧ ವೃತ್ತವೇ. ಮುಂದಿನ ಮಾಸ್ತರರ ಒಂದು ಕ್ಷಣವನ್ನು ಕದಿಯಬಾರದು ಎಂದು ನನ್ನ ಗುರುಗಳು ಕಲಿಸಿದ್ದರು. ಇದು ಈಗ ಬುದ್ಧಿಯಲ್ಲಿಲ್ಲ, ಕೈಯಲ್ಲಿದೆ. ಬೀದಿಯಲ್ಲಿ ಕುಲ್ಫಿ ಗಾಡಿಯವನು ಗಂಟೆ ಅಲ್ಲಾಡಿಸಿದರೂ ನನ್ನ ತುತ್ತು ಬಾಯಿ ಮತ್ತು ತಟ್ಟೆಯ ನಡುವೆ ನಿಲ್ಲುತ್ತದೆ. ಹೆಂಡತಿ, ಅವ ಕುಲ್ಫಿಯಾಂವ ಅದಾನ್ರಿ, ಉಣ್ರಿ, ಎಂದ ಮೇಲೆ ಮುಂದೆ ಹೋಗುತ್ತದೆ.

ಕೂಟದ ವೇಳಾಪತ್ರಿಕೆಯನ್ನು ನಾನೇ ನೀಲಿ ಶಾಯಿಯಲ್ಲಿ ಬರೆದು ಶಾಲೆಗೆ ಕಳಿಸಿದ್ದೆ. ಮೂರಕ್ಕೆ ಸ್ವಾಗತ ಮತ್ತು ಸನ್ಮಾನ. ಮೂರು ಎಂಟಕ್ಕೆ ಮುಖ್ಯಾಧ್ಯಾಪಕಿಯ ಎರಡು ನಿಮಿಷದ ಮಾತು. ಮೂರು ಹತ್ತಕ್ಕೆ ಪ್ರಯೋಗ. ಮೂರು ಹದಿಮೂರಕ್ಕೆ ಗಂಟೆ, ನಂತರ ಪ್ರಶ್ನೆಗಳು. ಗಂಟೆಯ ಕೆಲಸವನ್ನು ಹೆಂಡತಿಯ ತಮ್ಮನಿಗೆ ವಹಿಸಿದೆ. ಅವನೂ ಅದೇ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಒಂದು ದಿನ ಊಟದ ಗಂಟೆಯನ್ನು ಅರ್ಧ ತಾಸು ಮೊದಲೇ ಬಾರಿಸಿ ಸಿಕ್ಕಿಬಿದ್ದಿದ್ದ, ಅಂದಿನಿಂದ ಆ ಗಂಟೆಯ ಹತ್ತಿರ ಅವನನ್ನು ಬಿಟ್ಟಿರಲಿಲ್ಲ. ಆ ಆಸೆ ಅವನಲ್ಲಿ ಇನ್ನೂ ಉಳಿದಿತ್ತು. ಅವನ ಕೈಗಡಿಯಾರವನ್ನು ನನ್ನದಕ್ಕೆ ಸರಿಯಾಗಿ ಹೊಂದಿಸಿ, ಒಂದು ಸೆಕೆಂಡು ಹಿಂದೆ ಬೇಡ, ಒಂದು ಸೆಕೆಂಡು ಮುಂದೆ ಬೇಡ, ಯಾರು ಏನು ಮಾಡುತ್ತಿದ್ದರೂ ಬಾರಿಸು ಎಂದು ಎರಡು ಸಲ ಹೇಳಿದೆ. ಈ ಕೊನೆಯ ಮಾತು ನನ್ನದೇ. ಅದನ್ನು ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ.

ಒಂದೂವರೆಗೆ ಅವನ ಜೀಪಿನಲ್ಲಿ ಹೊರಟೆವು. ಅವನು ನಡೆಸುತ್ತಿದ್ದ, ಪಕ್ಕದಲ್ಲಿ ಹೆಂಡತಿ, ಅವಳ ಪಕ್ಕ ಬಾಗಿಲಿನ ಕಡೆ ನಾನು, ನನ್ನ ತೊಡೆಯ ಮೇಲೆ ಬಕೆಟ್. ಅಕ್ಕಲಕೋಟ ರಸ್ತೆಯ ಒಂದು ದೊಡ್ಡ ತಿರುವಿನಲ್ಲಿ ಅವನು ಬಲಕ್ಕೆ ಜೋರಾಗಿ ಹೊರಳಿಸಿದ. ಹೆಂಡತಿ ನನ್ನ ಮೇಲೆ ಬಂದಳು, ನಾನು ಬಾಗಿಲಿಗೆ ಒರಗಿದೆ, ಬಕೆಟ್ಟಿನ ಹಿಡಿಕೆ ನನ್ನ ಗದ್ದಕ್ಕೆ ತಗುಲಿತು.

“ನೋಡ್ರಿ ದಾಜಿ, ಅಕ್ಕನ್ನ ನಿಮ್ಮ ಮ್ಯಾಲ ನೂಕಿದವರು ಯಾರು? ಹೇಳ್ರಿ ಹೆಸರ.”

ಯಾರೂ ನೂಕಿಲ್ಲ, ಅವಳು ನೇರವಾಗಿ ಹೋಗುತ್ತಿದ್ದಳು, ಜೀಪು ಬಲಕ್ಕೆ ತಿರುಗಿತು, ಅದಕ್ಕೇ ನಾನೂ ಬಾಗಿಲೂ ಅವಳ ದಾರಿಗೆ ಅಡ್ಡ ಬಂದೆವು ಎಂದು ವಿವರಿಸಿದೆ. ಜೀಪನ್ನು ತಿರುಗಿಸಿದ್ದು ರಸ್ತೆ ಮತ್ತು ಚಕ್ರದ ನಡುವಿನ ಘರ್ಷಣೆ, ಅದು ನಿಜ ಬಲ, ಒಳಕ್ಕೆ ಮುಖ ಮಾಡಿದ ಬಲ. ಹೆಂಡತಿ ಸೆರಗು ಸರಿಮಾಡಿಕೊಂಡು, ತನ್ನ ಪಕ್ಕೆಲುಬಿಗೆ ತಗುಲಿದ್ದು ಘರ್ಷಣೆಯೂ ಅಲ್ಲ, ಹುಸಿಯೂ ಅಲ್ಲ, ತಮ್ಮನ ಮೊಣಕೈ ಎಂದಳು. ಅಲ್ಲಿಂದ ಅಕ್ಕಲಕೋಟದವರೆಗೆ ಅವನು ಎತ್ತಿನ ಗಾಡಿ ಹೊಡೆಯುವವನ ಹಾಗೆ ಜೀಪು ನಡೆಸಿದ.

ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡೇ ಗಂಟೆ, ನನ್ನ ಕಾಲದ್ದೇ. ಹೆಂಡತಿಯ ತಮ್ಮ ಕಬ್ಬಿಣದ ಸಲಾಕೆ ಹಿಡಿದು ಅದರ ಪಕ್ಕ ನೆಟ್ಟಗೆ ನಿಂತ. ನನ್ನನ್ನು ವೇದಿಕೆಯ ಮೇಲೆ ಕೂರಿಸಿ, ನಮ್ಮ ಕಡೆಯ ಪದ್ಧತಿಯಂತೆ ತಲೆಗೆ ಕೇಸರಿ ಬಣ್ಣದ ಫೇಟಾ ಸುತ್ತಿದರು. ಸನ್ಮಾನದ ರುಮಾಲು, ಏಳೆಂಟು ಮೊಳ, ಹೊಚ್ಚ ಹೊಸದು. ಮೂರು ಎಂಟಕ್ಕೆ ಮುಖ್ಯಾಧ್ಯಾಪಕಿ ಮಾತಿಗೆ ಎದ್ದಳು. ಎರಡು ನಿಮಿಷದ ಮಾತು. ಸರ್ ಅವರ ಸಮಯಪಾಲನೆಯ ಬಗ್ಗೆ ಹೇಳದೆ ಮುಗಿಸಲು ಮನಸ್ಸು ಬರುತ್ತಿಲ್ಲ ಎಂದು ಅದರ ಬಗ್ಗೆಯೇ ಇನ್ನೆರಡು ನಿಮಿಷ ಮಾತಾಡಿದಳು. ನಾನು ಗಡಿಯಾರ ನೋಡಲು ಕೈ ಎತ್ತಿದೆ. ಅವಳು ಅದನ್ನು ಆಶೀರ್ವಾದವೆಂದು ತಿಳಿದು ಕೈಮುಗಿದಳು.

ನಾನು ಬಕೆಟ್ ಹಿಡಿದು ವೇದಿಕೆಯ ನಡುವೆ ನಿಂತಾಗ ಮೂರು ಗಂಟೆ ಹನ್ನೆರಡೂವರೆ ನಿಮಿಷ. ಅರ್ಧ ಬಕೆಟ್ ನೀರು, ಶಾಲೆಯ ಟ್ಯಾಂಕಿನದ್ದು. ಮೊಬೈಲುಗಳು ಮೇಲೆದ್ದವು. ಎರಡು ಸಲ ಜೋಲಾಡಿಸಿ ತೂಕ ನೋಡಿ ತಿರುಗಿಸಿದೆ. ಮೊದಲ ಸುತ್ತು ನಿರ್ವಿಘ್ನ. ಭುಜ ಏನೂ ಅನ್ನಲಿಲ್ಲ. ಐದನೆಯ ಸುತ್ತಿಗೆ ಜನ ಚಪ್ಪಾಳೆಗೆ ತಾಳ ಹಿಡಿದರು. ದಾಖಲೆ ಉಳಿಯಿತು ಎಂದು ನನಗೆ ಅನ್ನಿಸಿದ್ದು ಎಂಟನೆಯ ಸುತ್ತಿನಲ್ಲಿ. ಒಂಬತ್ತನೆಯದರಲ್ಲಿ, ಬಕೆಟ್ ಸರಿಯಾಗಿ ನೆತ್ತಿಯ ಮೇಲೆ ಬೋರಲಾಗಿದ್ದಾಗ, ಬೇವಿನ ಮರದ ಕಡೆಯಿಂದ ಠಣ್ ಎಂದಿತು.

ನನ್ನ ಕೈ ನಿಂತಿತು.

ನಾನು ನಿಲ್ಲಿಸಲಿಲ್ಲ, ಕೈ ನಿಂತಿತು. ಹಿಡಿದುಕೊಂಡ ಭುಜವೂ ಅದಕ್ಕೆ ಒತ್ತಾಸೆಯಾಯಿತು. ಒಂದು ಕ್ಷಣ ಬಕೆಟ್ ನನ್ನ ತಲೆಯ ಮೇಲೆ ಛತ್ರಿಯ ಹಾಗೆ ಅಲ್ಲಾಡದೆ ಇತ್ತು. ಮರುಕ್ಷಣ ನೀರು ಬಂತು. ಫೇಟಾ ಕುಡಿಯುವಷ್ಟು ಕುಡಿಯಿತು. ಮಿಕ್ಕದ್ದು ಕಾಲರಿನೊಳಗೆ, ಬೆನ್ನಿಗೆ, ಪಾಯಜಾಮಕ್ಕೆ ಇಳಿಯಿತು. ಹೊಸ ಬಟ್ಟೆಯ ಕೇಸರಿ ಬಣ್ಣ ಮೊದಲು ಹಣೆಯ ಮೇಲೆ ಒಂದು ಗೆರೆಯಾಗಿ ಬಂದು, ಮೂಗಿನ ಎರಡೂ ಕಡೆ ಕವಲೊಡೆದು, ಬಿಳಿ ಅಂಗಿಯನ್ನು ಪೂರ್ತಿ ಮುಗಿಸಿತು. ಹೆಂಡತಿ ನೆರೆದವರ ನಡುವಿನಿಂದ, ಬುಧವಾರದತನಾ ನೀರಿಲ್ಲ, ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಯಾರೂ ನಗಲಿಲ್ಲ. ನಗಲು ಹೆದರಿ ಎಲ್ಲರೂ ಒಂಬತ್ತನೆಯ ತರಗತಿಯ ಮಕ್ಕಳಂತೆ ಕೂತರು. ಸಲಾಕೆ ಹಿಡಿದವನು ಎರಡನೆಯ ಏಟು ಹೊಡೆಯಬೇಕೋ ಬೇಡವೋ ತಿಳಿಯದೆ ಕೈ ಎತ್ತಿಯೇ ನಿಂತಿದ್ದ. ದಾಖಲೆ ಹೋಗಿತ್ತು. ಆದರೆ ಗಂಟೆಯಾಗಿತ್ತು, ಮತ್ತು ವೇಳಾಪತ್ರಿಕೆಯ ಪ್ರಕಾರ ಗಂಟೆಯ ನಂತರ ಪ್ರಶ್ನೆಗಳು. ನಾನು ಮುಖ ಒರೆಸಿಕೊಂಡು ಪ್ರಶ್ನೆ ಕೇಳಿದೆ.

“ನೀರ ಕೆಳಗ ಎಳದವರು ಯಾರು?”

ಭೂಮಿ ಸರ್, ಎಂದು ಪೆಂಡಾಲು ಒಟ್ಟಿಗೆ ಹೇಳಿತು.

“ಬಕೆಟ್ ನಿಲ್ಲಿಸಿದವರು?”

ನಿಮ್ಮ ಕೈ ಸರ್, ಎಂದರು. ಹಿಂದಿನಿಂದ ಒಬ್ಬ, ಗಂಟಿ, ಎಂದ. ಗಂಟೆ ನನ್ನ ಕೈಯನ್ನು ಮುಟ್ಟಿಲ್ಲ, ಆದ್ದರಿಂದ ಅದು ಬಲವಲ್ಲ, ಕಾರಣ ಮಾತ್ರ ಎಂದು ತಿದ್ದಿದೆ. ಆಮೇಲೆ ಹಳೆಯ ಪ್ರಶ್ನೆಗೆ ಬಂದೆ.

“ಇಲ್ಲೀತನಕ ನೀರ ಮ್ಯಾಲ ಒತ್ತಿ ಹಿಡದವರು ಯಾರು? ಅಂಥವರು ಇದ್ರ, ಈಗ ಎಲ್ಲಿ ಹೋದರು?”

ಪೆಂಡಾಲು ಸೂರು ನೋಡಿತು. ಬೇವಿನ ಮರದ ಕೆಳಗಿನಿಂದ ನಿಧಾನವಾಗಿ ಉತ್ತರ ಬಂತು. ಸಲಾಕೆಯನ್ನು ನೆಲಕ್ಕೆ ಊರಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೆಂಡತಿಯ ತಮ್ಮ ಹೇಳಿದ:

“ಯಾರೂ ಇದ್ದಿಲ್ರಿ ದಾಜಿ. ಖರೆ ಇದ್ದಿದ್ರ ನಿಮ್ಮನ್ನ ಇಂಥಾ ವೇಳ್ಯಾದಾಗ ಬಿಟ್ಟು ಓಡಿ ಹೋಗತಿದ್ದಿಲ್ಲ.”

ಆಗ ನಗು ಬಂತು ನೋಡಿ. ಪೆಂಡಾಲಿನ ಕಂಬ ಅಲ್ಲಾಡುವಷ್ಟು. ನಾನೂ ನಕ್ಕೆ ಎಂದು ಆಮೇಲೆ ಮೊಬೈಲಿನಲ್ಲಿ ತೋರಿಸಿದರು. ನನಗೆ ನೆನಪಿರುವುದು ಕಿವಿಯೊಳಗೆ ನೀರು ಇದ್ದದ್ದು ಮಾತ್ರ. ಅಷ್ಟು ವರ್ಷ ನೀರು ಬೀಳದೆ ಮುಗಿಸಲು ಆಗದ ವಾದವನ್ನು ಅರ್ಧ ಬಕೆಟ್ ಬಿದ್ದು ಮುಗಿಸಿತ್ತು. ಇದನ್ನು ಮೊದಲೇ ತಿಳಿದಿದ್ದರೆ ಪ್ರತಿವರ್ಷ ಒಮ್ಮೆ ಬೀಳಿಸುತ್ತಿದ್ದೆನೇನೋ. ಇಲ್ಲ, ಬೀಳಿಸುತ್ತಿರಲಿಲ್ಲ. ಪಾಯಜಾಮ ಬಹಳ ಹೊತ್ತು ಒಣಗುವುದಿಲ್ಲ.

ಮುಖ್ಯಾಧ್ಯಾಪಕಿ ನನ್ನ ಪರವಾಗಿ ಒಂದು ವಾದ ಹೂಡಿದಳು. ನೀರು ಬಿದ್ದದ್ದು ನಿಮ್ಮ ಮೇಲೆ ಸರ್, ನೆಲದ ಮೇಲೆ ಅಲ್ಲ, ಫೇಟಾವೇ ಹೀರಿಕೊಂಡಿದೆ, ಆದ್ದರಿಂದ ದಾಖಲೆ ಇನ್ನೂ ನಿಂತಿದೆ ಎಂದಳು. ನಾನು ಫೇಟಾ ಬಿಚ್ಚಿ ಅವಳ ಮುಂದೆಯೇ ಹಿಂಡಿದೆ. ನೆಲ ಒದ್ದೆಯಾಯಿತು. ಅಲ್ಲಿಗೆ ಆ ವಾದವೂ ಮುಗಿಯಿತು. ತಪ್ಪು ಉತ್ತರಕ್ಕೆ ಮೊದಲ ಬೆಂಚಿನವರಾದರೂ ಅಂಕ ಕೊಟ್ಟವನಲ್ಲ ನಾನು.

ಹೊರಡುವಾಗ ಅವಳು ಜೀಪಿನ ಹಿಂದಿನ ಸೀಟಿಗೆ ಎರಡು ಕ್ಯಾನು ನೀರು ತುಂಬಿಸಿ ಇಡಿಸಿದಳು. ಹೆಂಡತಿ ಆ ದಿನ ಮೊದಲ ಬಾರಿಗೆ ನನ್ನ ಶಾಲೆಯನ್ನು ಹೊಗಳಿದಳು. ಆ ದೊಡ್ಡ ತಿರುವು ಬರುವಾಗಲೇ ಅವಳ ತಮ್ಮ ಎಚ್ಚರಿಸಿದ.

“ಅಕ್ಕಾ, ಈಗ ನೀ ನನ್ನ ಮ್ಯಾಲ ಬರ್ತಿ. ಯಾರೂ ನೂಕಿಲ್ಲ, ನೆನಪಿಡು.”

“ನೀ ಮೊಣಕೈ ಒಳಗ ಇಟಗೋ. ಅದರ ಹೆಸರ ನನಗ ಗೊತ್ತದ.”

ಮನೆ ಮುಟ್ಟಿದ್ದು ಆರು ಗಂಟೆ ಐದು ನಿಮಿಷಕ್ಕೆ. ಬಟ್ಟೆ ಬದಲಿಸಿದೆ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡೆ. ಪ್ರಯೋಗಗಳ ಹಳೆಯ ಪುಸ್ತಕದಲ್ಲಿ, ‘ಚೆಲ್ಲಿದ್ದು’ ಎಂಬ ಅಂಕಣದ ಸಾಲು ಸಾಲು ಸೊನ್ನೆಗಳ ಕೆಳಗೆ, ‘ಅರ್ಧ ಬಕೆಟ್. ಕಾರಣ: ವೇಳಾಪತ್ರಿಕೆ’ ಎಂದು ಬರೆದು ಸಹಿ ಮಾಡಿದೆ. ಬಕೆಟ್ಟನ್ನು ಒರೆಸಿ ಗಡಿಯಾರದ ಪಕ್ಕದ ಮೊಳೆಗೆ ತೂಗುಹಾಕಲು ಕೈ ಎತ್ತಿದೆ. ಕೈ ಭುಜಕ್ಕಿಂತ ಮೇಲೆ ಹೋಗಲಿಲ್ಲ. ಹಿಂದೆ ಹೆಂಡತಿ ಕೇಸರಿಯಾದ ಅಂಗಿ ಹಿಡಿದು ನಿಂತಿದ್ದಳು.

ಬಕೆಟ್ ಕೆಳಗಿಟ್ಟೆ. ಅಕ್ಕಲಕೋಟದ ನೀರನ್ನು ಅರ್ಧದವರೆಗೆ ಸುರಿದು, ಒಂದು ಹಿಡಿ ಸಾಬೂನಿನ ಪುಡಿ ಹಾಕಿ, ಅಂಗಿಯನ್ನು ನಾನೇ ಅದರಲ್ಲಿ ನೆನೆಹಾಕಿದೆ. ಏಳು ಗಂಟೆ ಹತ್ತು ನಿಮಿಷ. ಒಂದು ಹನಿಯೂ ಹೊರಗೆ ಬೀಳಲಿಲ್ಲ.